ಜಪಾನಿ ಪದಗಳು ತಲೆಯಲ್ಲಿ ನಿಲ್ಲುತ್ತಿಲ್ಲವೇ? ಶಾಲೆಯ ಕನ್ನಡ ವ್ಯಾಕರಣವನ್ನು ಮತ್ತೆ ಹೊರತೆಗೆಯಿರಿ

ಹುಬ್ಬಳ್ಳಿ–ಧಾರವಾಡದಲ್ಲಿ ಜಪಾನಿ ಕಲಿಯುವವರು ಈಗ ಅಪರೂಪವಲ್ಲ. ಜಪಾನ್ 2019ರಲ್ಲಿ ನಿರ್ದಿಷ್ಟ ಕೌಶಲದ ಕೆಲಸಗಾರರಿಗಾಗಿ ಹೊಸ ವೀಸಾ ತೆರೆಯಿತು, 2021ರ ಜನವರಿಯಲ್ಲಿ ಭಾರತ ಅದರ ಒಪ್ಪಂದಕ್ಕೆ ಸಹಿ ಹಾಕಿತು. ಆ ವೀಸಾ ಬೇಕೆಂದರೆ ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪರೀಕ್ಷೆಯ ಎನ್4 ಮಟ್ಟವನ್ನಾಗಲಿ (ಎನ್5 ಎಲ್ಲಕ್ಕಿಂತ ಸುಲಭ, ಎನ್1 ಎಲ್ಲಕ್ಕಿಂತ ಕಠಿಣ) ಜೆಎಫ್‌ಟಿ-ಬೇಸಿಕ್ ಪರೀಕ್ಷೆಯನ್ನಾಗಲಿ ದಾಟಬೇಕು. ಹೀಗಾಗಿ ನರ್ಸಿಂಗ್ ಮುಗಿಸಿದವರು, ಐಟಿಐ ಹುಡುಗರು, ಎಂಜಿನಿಯರಿಂಗ್ ಓದುತ್ತಿರುವವರು ಈ ಭಾಷೆಗೆ ಕೈ ಹಾಕುತ್ತಿದ್ದಾರೆ. ಗದಗ, ಹಾವೇರಿಯಿಂದ ಬೆಳಗಿನ ರೈಲಿಗೆ ಬಂದು ಕಲಿತು ಹೋಗುವವರೂ ಇದ್ದಾರೆ.

ಇವರಿಗೆ ವ್ಯಾಕರಣ ದೊಡ್ಡ ತೊಡಕಲ್ಲ. ‘ಕ್ಯೋ ಗಕ್ಕೋ ನಿ ಇಕು’ ಎಂಬ ವಾಕ್ಯವನ್ನು ಪದದ ಬದಲಿಗೆ ಪದವಿಟ್ಟು ‘ಇಂದು ಶಾಲೆಗೆ ಹೋಗುತ್ತೇನೆ’ ಎಂದು ಬರೆಯಬಹುದು. ಕ್ರಿಯಾಪದ ಕೊನೆಗೆ, ವಿಭಕ್ತಿ ಪದದ ಹಿಂದೆ, ಎಲ್ಲವೂ ನಮ್ಮ ಮನೆಯ ಕ್ರಮವೇ. ತೊಡಕಿರುವುದು ಪದಗಳಲ್ಲಿ. ನಿನ್ನೆ ಬಾಯಿಪಾಠ ಮಾಡಿದ್ದು ಇಂದು ಮಾಯವಾಗುತ್ತದೆ. ಕಾಂಜಿಯ, ಅಂದರೆ ಚೀನಾದಿಂದ ಬಂದ ಅಕ್ಷರದ, ಅರ್ಥ ಹೊಳೆಯುತ್ತದೆ, ಆದರೆ ಅದನ್ನು ಹೇಗೆ ಓದಬೇಕೆಂಬುದು ಹೊಳೆಯುವುದಿಲ್ಲ. ‘ನನಗೆ ನೆನಪಿನ ಶಕ್ತಿಯೇ ಕಡಿಮೆ’ ಎಂದು ಎಷ್ಟೋ ಜನ ಅಲ್ಲಿಗೇ ಕೈಚೆಲ್ಲುತ್ತಾರೆ.

ಆ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಜಪಾನಿ ಬರುವುದು ಇಂಗ್ಲಿಷ್ ಪುಸ್ತಕ, ಇಂಗ್ಲಿಷ್ ಆ್ಯಪ್, ರೋಮನ್ ಅಕ್ಷರಗಳ ಮೂಲಕ. ಆ ದಾರಿಯಲ್ಲಿ ಬರುವಾಗ ಕನ್ನಡದ ಕಿವಿಯನ್ನೂ ಪ್ರೌಢಶಾಲೆಯ ವ್ಯಾಕರಣವನ್ನೂ ಹೊರಗೇ ಬಿಟ್ಟು ಬರುತ್ತೇವೆ. ಜಪಾನಿಯ ಅರ್ಧಕ್ಕರ್ಧ ಕಾಟಗಳಿಗೆ ಔಷಧ ಇರುವುದು ಅಲ್ಲೇ. ಕೆಳಗಿನ ಹೆಜ್ಜೆಗಳನ್ನು ಎನ್5, ಎನ್4 ಮಟ್ಟದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಮೇಲಿನವರಿಗೆ ನಾಲ್ಕನೆಯ ಮತ್ತು ಐದನೆಯ ಹೆಜ್ಜೆ ಹೆಚ್ಚು ಉಪಯೋಗಕ್ಕೆ ಬರಬಹುದು.

ಹೆಜ್ಜೆ 1: ರೋಮನ್ ಅಕ್ಷರವನ್ನು ಇಂದೇ ಬಿಡಿ

ಪ್ರವಾಸಕ್ಕೆ ಜಪಾನಿಯಲ್ಲಿ ‘ರ್‍ಯೊಕೋ’ ಎನ್ನುತ್ತಾರೆ. ಮೊದಲ ಸ್ವರ ಹ್ರಸ್ವ, ಎರಡನೆಯದು ದೀರ್ಘ. ಜೆಎಲ್‌ಪಿಟಿಯಲ್ಲಿ ಈ ಕಾಂಜಿಯ ಓದನ್ನು ಕೇಳಿದರೆ ಆಯ್ಕೆಗಳು ರ್‍ಯೊಕೋ, ರ್‍ಯೋಕೊ, ರ್‍ಯೊಕೊ, ರ್‍ಯೋಕೋ ಎಂಬ ಮಾದರಿಯಲ್ಲಿ ಬರುತ್ತವೆ. ರೋಮನ್ ಅಕ್ಷರದಲ್ಲಿ ಉದಾಸೀನವಾಗಿ ಬರೆದು ಕಲಿತವನಿಗೆ ಈ ನಾಲ್ಕೂ ಒಂದೇ. ಕನ್ನಡದ ಕಣ್ಣಿಗೆ ನಾಲ್ಕೂ ಬೇರೆ. ಬಳೆಗೂ ಬಾಳೆಗೂ, ಕತೆಗೂ ಕತ್ತೆಗೂ ಇರುವ ಅಂತರ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗೆಯೇ ಒಬಸನ್ ಎಂದರೆ ಚಿಕ್ಕಮ್ಮ ಅಥವಾ ಅತ್ತೆ, ಒಬಾಸನ್ ಎಂದರೆ ಅಜ್ಜಿ. ಕಿತೆ ಎಂದರೆ ‘ಬಂದು’, ಕಿತ್ತೆ ಎಂದರೆ ಅಂಚೆ ಚೀಟಿ. ಇಂಗ್ಲಿಷ್ ಮಾತೃಭಾಷೆಯವರು ತಿಂಗಳುಗಟ್ಟಲೆ ಒದ್ದಾಡುವ ಈ ಭೇದ ನಮಗೆ ಹುಟ್ಟಿನಿಂದಲೇ ಇದೆ. ಅದನ್ನು ರೋಮನ್ ಲಿಪಿಗೆ ಒತ್ತೆ ಇಡಬೇಡಿ.

ಹಿರಗನ, ಕತಕನ ಎಂಬ ಎರಡು ಉಚ್ಚಾರಣೆಯ ಲಿಪಿಗಳನ್ನು ಕಲಿಯಲು ನಮಗೆ ಇನ್ನೊಂದು ಅನುಕೂಲವಿದೆ. ಅವುಗಳ ಕ್ರಮ ಅ, ಇ, ಉ, ಎ, ಒ. ನಂತರ ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಭಿಕ್ಷುಗಳು ಸಂಸ್ಕೃತ ಮಂತ್ರಗಳಿಗಾಗಿ ಕಲಿತ ಸಿದ್ಧಂ ಲಿಪಿಯ ವರ್ಣಮಾಲೆಯಿಂದ ಜಪಾನಿಗೆ ಹೋದ ಕ್ರಮ ಇದು. ನಮ್ಮ ಚ ಇರಬೇಕಾದ ಕಡೆ ಸ ಇದೆ, ಪ ಇರಬೇಕಾದ ಕಡೆ ಹ ಇದೆ, ಅಷ್ಟೇ ವ್ಯತ್ಯಾಸ. ಈ ಪ–ಹ ವಿಚಾರ ಮುಂದೆ ಮತ್ತೆ ಬರುತ್ತದೆ.

ಮೊದಲ ಎರಡು ವಾರ ಬೇಕಿದ್ದರೆ ಪದದ ಪಕ್ಕದಲ್ಲಿ ಕನ್ನಡ ಲಿಪಿಯಲ್ಲಿ ಉಚ್ಚಾರಣೆ ಬರೆದುಕೊಳ್ಳಿ. ಆಮೇಲೆ ಅದನ್ನೂ ನಿಲ್ಲಿಸಿ. ಜಪಾನಿಯಲ್ಲಿ ‘ಓ’ ದೀರ್ಘವನ್ನು ಸಾಮಾನ್ಯವಾಗಿ ‘ಒ’ದ ಮುಂದೆ ‘ಉ’ ಇಟ್ಟು ಬರೆಯುತ್ತಾರೆ. ದೊಡ್ಡದು ಎಂಬ ‘ಓಕೀ’, ದೂರ ಎಂಬ ‘ತೋಇ’, ಬಹಳ ಎಂಬ ‘ಓಇ’, ಮಂಜುಗಡ್ಡೆ ಎಂಬ ‘ಕೋರಿ’ ಮುಂತಾದ ಕೆಲವು ಪದಗಳಲ್ಲಿ ಮಾತ್ರ ‘ಒ’ದ ಮುಂದೆ ಇನ್ನೊಂದು ‘ಒ’ ಬರುತ್ತದೆ. ಕನ್ನಡ ಲಿಪಿಯಲ್ಲಿ ಈ ಭೇದ ಕಾಣುವುದಿಲ್ಲ.

ಹೆಜ್ಜೆ 2: ಅಂಟದ ಪದಗಳನ್ನು ಬೇರೆ ತೆಗೆದು, ಕಾಯಿಲೆ ಯಾವುದೆಂದು ಬರೆಯಿರಿ

ಎಲ್ಲ ಪದಗಳೂ ಕಾಡುವುದಿಲ್ಲ. ಮತ್ತೆ ಮತ್ತೆ ಕೈಕೊಡುವ ಇಪ್ಪತ್ತು ಮೂವತ್ತು ಪದಗಳನ್ನು ನೋಟ್‌ಬುಕ್‌ನ ಒಂದು ಪುಟದಲ್ಲಿ ಬರೆದು, ಪ್ರತಿಯೊಂದರ ಮುಂದೆ ಕಾರಣ ಗುರುತಿಸಿ. ಶಬ್ದವೇ ಕಿವಿಗೆ ಅಪರಿಚಿತವೇ? ಇನ್ನೊಂದು ಪದದ ಜೊತೆ ಕಲಸಿಹೋಗುತ್ತಿದೆಯೇ? ಅರ್ಥ ಗೊತ್ತಿದ್ದು ಕಾಂಜಿಯ ಓದು ಮಾತ್ರ ಬರುತ್ತಿಲ್ಲವೇ? ಅಥವಾ ಪಟ್ಟಿಯ ಹೊರಗೆ ಆ ಪದವನ್ನು ನೀವು ಎಲ್ಲೂ ನೋಡಿಯೇ ಇಲ್ಲವೇ?

ಮೊದಲನೆಯದಕ್ಕೆ ಮೂರನೆಯ ಹೆಜ್ಜೆ, ಎರಡನೆಯದಕ್ಕೆ ಆರನೆಯದು, ಓದಿನ ತೊಂದರೆಗೆ ನಾಲ್ಕು ಮತ್ತು ಐದು. ಕೊನೆಯ ಗುಂಪಿನ ಪದಗಳನ್ನು ಸದ್ಯಕ್ಕೆ ಹೊಡೆದುಹಾಕಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ. 2010ರಲ್ಲಿ ಜೆಎಲ್‌ಪಿಟಿ ಹೊಸ ರೂಪಕ್ಕೆ ಬಂದ ಮೇಲೆ ಯಾವ ಮಟ್ಟಕ್ಕೂ ಅಧಿಕೃತ ಪದಪಟ್ಟಿ ಪ್ರಕಟವಾಗುತ್ತಿಲ್ಲ. ‘ಎನ್4ರ ಸಂಪೂರ್ಣ ಪಟ್ಟಿ’ ಎಂದು ಹಂಚಿಕೆಯಾಗುವ ಕಡತಗಳೆಲ್ಲ ಅಂದಾಜಿನವು. ಅಲ್ಲಿರುವ ಒಂದು ಪದಕ್ಕಾಗಿ ನಿದ್ದೆಗೆಡಬೇಕಿಲ್ಲ.

ಹೆಜ್ಜೆ 3: ಕನ್ನಡದ ಪದವನ್ನೇ ಕೊಕ್ಕೆ ಮಾಡಿ

ಹೊಸ ಪದದ ಶಬ್ದವನ್ನು ಹೋಲುವ ಪರಿಚಿತ ಪದ ಹುಡುಕುವುದು, ಎರಡರ ಅರ್ಥವನ್ನೂ ಒಂದೇ ಚಿತ್ರದಲ್ಲಿ ಕಟ್ಟುವುದು. 1975ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಅಟ್ಕಿನ್ಸನ್ ಈ ವಿಧಾನವನ್ನು ರಷ್ಯನ್ ಪದಗಳ ಮೇಲೆ ಪ್ರಯೋಗಿಸಿ, ಸುಮ್ಮನೆ ಕಲಿತವರಿಗಿಂತ ಹೀಗೆ ಕಲಿತವರಿಗೆ ಹೆಚ್ಚು ಪದ ನೆನಪಿರುತ್ತದೆ ಎಂದು ತೋರಿಸಿದ. ಆದರೆ ನಮಗೆ ಸಿಗುವ ಸಿದ್ಧ ಕೊಕ್ಕೆಗಳೆಲ್ಲ ಇಂಗ್ಲಿಷಿನವು. ಕನ್ನಡದಲ್ಲಿ ಹುಡುಕಿದರೆ ನಿಧಿಯೇ ಇದೆ.

‘ಕಸ’ ಎಂದರೆ ಜಪಾನಿಯಲ್ಲಿ ಕೊಡೆ. ದುರ್ಗದ ಬೈಲಿನ ಕಸದ ರಾಶಿಯ ಮೇಲೆ ಮುರಿದ ಕೊಡೆಯೊಂದು ಮಳೆಯಲ್ಲಿ ನೆನೆಯುತ್ತಿದೆ ಎಂದುಕೊಳ್ಳಿ. ‘ಯಮ’ ಎಂದರೆ ಬೆಟ್ಟ. ನೃಪತುಂಗ ಬೆಟ್ಟದ ತುದಿಯಲ್ಲಿ ಕೋಣ ನಿಲ್ಲಿಸಿ ದಣಿವಾರಿಸಿಕೊಳ್ಳುತ್ತಿರುವ ಯಮ. ‘ಹರಿ’ ಎಂದರೆ ಸೂಜಿ, ಹರಿದ ಅಂಗಿಗೆ ಸೂಜಿ ಬೇಕಲ್ಲ. ‘ಸರ’ ಎಂದರೆ ತಟ್ಟೆ, ಊಟದ ತಟ್ಟೆಯಲ್ಲಿ ಅನ್ನದ ಬದಲು ಮುತ್ತಿನ ಸರ. ‘ಉಮ’ ಎಂದರೆ ಕುದುರೆ, ಉಮಾ ಎಂಬ ಹೆಸರಿನವರು ನಿಮ್ಮ ಓಣಿಯಲ್ಲಿದ್ದರೆ ಅವರನ್ನು ಮನಸ್ಸಿನಲ್ಲೇ ಕುದುರೆ ಹತ್ತಿಸಿ, ಅವರಿಗೆ ಹೇಳಬೇಡಿ. ಆಕಾಶ ‘ಸೊರ’, ಅದು ಸೋರಿದರೆ ಮಳೆ. ಎಡಗಡೆ ‘ಹಿದರಿ’, ಎಡಗೈಯಲ್ಲಿ ಏನನ್ನಾದರೂ ಹಿಡಿಯಿರಿ.

ಚಿತ್ರ ಎಷ್ಟು ವಿಚಿತ್ರವಾಗಿದ್ದರೂ ನಡೆಯುತ್ತದೆ, ಆದರೆ ಅದರಲ್ಲಿ ಎರಡೂ ವಸ್ತುಗಳು ಒಂದನ್ನೊಂದು ಮುಟ್ಟುತ್ತಿರಬೇಕು. ಕಸವೂ ಕೊಡೆಯೂ ದೂರದೂರ ನಿಂತರೆ ಕೊಕ್ಕೆ ಕಳಚುತ್ತದೆ. ಚಿತ್ರ ನೀವೇ ಕಟ್ಟಿದ್ದಾಗಿದ್ದರೆ ಇನ್ನೂ ಒಳ್ಳೆಯದು. ನನ್ನ ಯಮನಿಗಿಂತ ನಿಮ್ಮ ಯಮ ನಿಮಗೆ ಹೆಚ್ಚು ನೆನಪಿರುತ್ತಾನೆ. ಪದ ತಾನಾಗಿ ಬಾಯಿಗೆ ಬರತೊಡಗಿದ ಮೇಲೆ ಚಿತ್ರ ಮರೆತುಹೋಗುತ್ತದೆ, ಹೋಗಲಿ ಬಿಡಿ.

ಇದೇ ಹೆಜ್ಜೆಗೆ ಸೇರುವ ಇನ್ನೊಂದು ಮಾತು. ಪಟಪಟ, ಜುಳುಜುಳು, ಗಡಗಡ ಎಂಬ ಅನುಕರಣಾವ್ಯಯಗಳು ಕನ್ನಡದಲ್ಲಿ ಎಷ್ಟಿವೆಯೋ ಜಪಾನಿಯಲ್ಲೂ ಅಷ್ಟೇ ದಂಡಿಯಾಗಿವೆ. ಥಳಥಳ ಹೊಳೆಯುವುದು ಪಿಕಪಿಕ, ಗರಗರ ತಿರುಗುವುದು ಗುರುಗುರು, ಗಡಗಡ ನಡುಗುವುದು ಗತಗತ, ಎದೆ ಡವಡವ ಎನ್ನುವುದು ದೊಕಿದೊಕಿ. ಇಂಗ್ಲಿಷ್ ಅನುವಾದದಲ್ಲಿ ಇವುಗಳ ಜೀವ ಹೋಗಿಬಿಡುತ್ತದೆ. ಕನ್ನಡದ ಜೋಡಿ ಪದದ ಪಕ್ಕ ಬರೆದಿಟ್ಟರೆ ಒಂದೇ ಓದಿಗೆ ನಿಲ್ಲುತ್ತವೆ.

ಹೆಜ್ಜೆ 4: ಪದ ಸೇರಿದಾಗ ಓದು ಬದಲಾಗುವುದೇಕೆ? ಸಂಧಿಯನ್ನು ನೆನಪಿಸಿಕೊಳ್ಳಿ

ಕಾಗದ ‘ಕಮಿ’, ಕೈ ‘ತೆ’. ಎರಡೂ ಸೇರಿ ಪತ್ರ ಎಂಬ ಅರ್ಥ ಬಂದಾಗ ತೆಕಮಿ ಎನ್ನದೆ ‘ತೆಗಮಿ’ ಎನ್ನುತ್ತಾರೆ. ಹೂವು ‘ಹನ’, ಬೆಂಕಿ ‘ಹಿ’, ಪಟಾಕಿಯ ಬಾಣಬಿರುಸು ‘ಹನಬಿ’. ಇಂಗ್ಲಿಷ್ ಪುಸ್ತಕಗಳು ಇದನ್ನು ಹೊಸ ವಿದ್ಯಮಾನವೆಂಬಂತೆ ಪುಟಗಟ್ಟಲೆ ವಿವರಿಸುತ್ತವೆ. ನಾವು ಇದನ್ನು ಶಾಲೆಯಲ್ಲೇ ಓದಿದ್ದೇವೆ, ಆದೇಶ ಸಂಧಿ. ಹಳೆಯ ಕನ್ನಡ ಹಳಗನ್ನಡವಾಗುತ್ತದೆ, ಬೆಟ್ಟದ ತಾವರೆ ಬೆಟ್ಟದಾವರೆಯಾಗುತ್ತದೆ, ಕಣ್ಣಿನ ಪನಿ ಕಂಬನಿಯಾಗುತ್ತದೆ. ಉತ್ತರಪದದ ಮೊದಲಿನ ಕ, ತ, ಪ ಗಳಿಗೆ ಗ, ದ, ಬ. ಜಪಾನಿಯಲ್ಲಿ ಇದರ ಹೆಸರು ರೆಂದಕು. ಅಲ್ಲಿ ಸ ಕೂಡ ಜ ಆಗುತ್ತದೆ, ಹ ಎಂಬುದು ಬ ಆಗುತ್ತದೆ.

ಹ ಹೋಗಿ ಬ ಬರುವುದು ವಿಚಿತ್ರವೆನಿಸಬಹುದು. ಇಲ್ಲಿಯೂ ಉತ್ತರ ನಮ್ಮ ಊರಿನ ಹೆಸರಿನಲ್ಲೇ ಇದೆ. ಪುರ್ಬಳ್ಳಿ ಹುಬ್ಬಳ್ಳಿಯಾಯಿತು, ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ಹಳೆಯ ಜಪಾನಿಯ ಪಕಾರವೂ ಹೀಗೆಯೇ ಕಾಲಾಂತರದಲ್ಲಿ ಹಕಾರವಾಯಿತು. ಆದರೆ ಒತ್ತಕ್ಷರದ ಒಳಗೆ ಹಳೆಯ ಪ ಉಳಿದುಕೊಂಡಿತು. ನೂರು ‘ಹ್ಯಕು’, ಇನ್ನೂರು ‘ನಿಹ್ಯಕು’. ಮುನ್ನೂರು ‘ಸನ್‌ಬ್ಯಕು’, ಆರುನೂರು ‘ರೊಪ್ಪ್ಯಕು’, ಎಂಟುನೂರು ‘ಹಪ್ಪ್ಯಕು’. ಪೆನ್ಸಿಲ್ಲಿನಂಥ ಉದ್ದನೆಯ ವಸ್ತುಗಳನ್ನು ಎಣಿಸುವ ‘ಹೊನ್’ ಕೂಡ ಹೀಗೆಯೇ: ಇಪ್ಪೊನ್, ನಿಹೊನ್, ಸನ್‌ಬೊನ್, ಆರಕ್ಕೆ ರೊಪ್ಪೊನ್. ಒತ್ತು ಬಂದರೆ ಪ್ಪ, ಮೂರರ ನಕಾರದ ಮುಂದೆ ಬ, ಉಳಿದ ಕಡೆ ಹ. ಕೋಷ್ಟಕ ಉರುಹೊಡೆಯುವುದಕ್ಕಿಂತ ಈ ಒಂದು ಸಾಲು ಸಾಕು. ನಿಮಿಷ ಎಣಿಸುವಾಗ ಮಾತ್ರ ಎಚ್ಚರ, ಮೂರು ನಿಮಿಷ ‘ಸನ್‌ಪುನ್’.

ಈ ಪಾಠವನ್ನು ಬೀದಿಯಲ್ಲಿ ಮಾಡಬಹುದು. ಚನ್ನಮ್ಮ ವೃತ್ತದಲ್ಲಿ ಸಿಗ್ನಲ್‌ಗೆ ನಿಂತಾಗ ಮುಂದಿನ ಬೈಕಿನ ಹಿಂಬದಿ ನೋಡಿ. ಹೊಂಡಾ ಎಂಬುದು ಒಂದು ಮನೆತನದ ಹೆಸರು: ‘ಹೊನ್’ ಎಂದರೆ ಮೂಲ, ‘ತ’ ಎಂದರೆ ಗದ್ದೆ, ಸೇರಿದಾಗ ತ ಎಂಬುದು ದ ಆಗಿದೆ. ಮಿತ್ಸುಬಿಶಿಯಲ್ಲಿ ‘ಮಿತ್ಸು’ ಮೂರು, ‘ಹಿಶಿ’ ಎಂದರೆ ಅದರ ಲಾಂಛನದಲ್ಲಿ ಕಾಣುವ ಓರೆಚೌಕದ ಆಕಾರ. ಹಿ ಇಲ್ಲಿ ಬಿ ಆಗಿದೆ. ಸುಜುಕಿಯಲ್ಲಿ ಗಂಟೆ ಮತ್ತು ಮರ, ಯಮಹಾದಲ್ಲಿ ಬೆಟ್ಟ ಮತ್ತು ಎಲೆ, ಕವಾಸಾಕಿಯಲ್ಲಿ ‘ಕವ’ ಎಂಬ ಹೊಳೆ. ಟೊಯೋಟಾ ಸ್ಥಾಪಕರ ಮನೆತನ ‘ತೊಯೊದ’, ಸಂಧಿ ಆದ ರೂಪ. 1936ರಲ್ಲಿ ಕಾರಿಗೆ ಹೆಸರಿಡುವಾಗ ಸಂಧಿಯನ್ನು ತೆಗೆದುಹಾಕಿ ‘ತೊಯೊತ’ ಮಾಡಿಕೊಂಡರು. ಇನ್ನು ಧಾರವಾಡದಲ್ಲಿ ಕಾರ್ಖಾನೆಯಿರುವ, ನಮ್ಮ ಜನ ಮಣ್ಣು ಅಗೆಯುವ ಯಂತ್ರಕ್ಕೇ ಹೆಸರಾಗಿಸಿಕೊಂಡಿರುವ ಹಿಟಾಚಿ: ‘ಹಿ’ ಸೂರ್ಯ, ‘ತಚಿ’ ಏಳುವುದು, ನಿಲ್ಲುವುದು. ಇಲ್ಲಿ ಸಂಧಿ ಆಗಿಲ್ಲ. ಈ ಹೆಸರುಗಳಲ್ಲೇ ಎನ್5 ಮಟ್ಟದ ಎಷ್ಟೋ ಕಾಂಜಿಗಳ ಓದು ಮುಗಿಯುತ್ತದೆ.

ಸಂಧಿ ಯಾವಾಗ ಆಗುವುದಿಲ್ಲ? ಉತ್ತರಪದದೊಳಗೆ ಆಗಲೇ ಗ, ಜ, ದ, ಬ ಇದ್ದರೆ ಸಾಮಾನ್ಯವಾಗಿ ಆಗುವುದಿಲ್ಲ. ವಸಂತ ‘ಹರು’, ಗಾಳಿ ‘ಕಜೆ’, ವಸಂತದ ಗಾಳಿ ‘ಹರುಕಜೆ’ಯೇ. ಈ ನಿಯಮಕ್ಕೆ 1894ರಲ್ಲಿ ಅದರ ಬಗ್ಗೆ ಬರೆದ ಅಮೆರಿಕದ ಬೆಂಜಮಿನ್ ಲೈಮನ್ ಹೆಸರಿದೆ. ಚೀನಾದಿಂದ ಬಂದ ಪದಗಳಲ್ಲೂ ಬಹುಮಟ್ಟಿಗೆ ಆಗುವುದಿಲ್ಲ. ಉಳಿದಂತೆ ಪೂರ್ತಿ ಭರವಸೆ ಇಡುವ ಹಾಗಿಲ್ಲ, ಹಿಟಾಚಿಯನ್ನು ನೋಡಿದಿರಲ್ಲ. ಆದರೂ ಊಹೆ ಮಾಡಿ ತಪ್ಪಿದ ಪದ, ಊಹಿಸದೆ ಉರುಹೊಡೆದ ಪದಕ್ಕಿಂತ ಚೆನ್ನಾಗಿ ನೆನಪಿರುತ್ತದೆ.

ಚೀನೀ ಮೂಲದ ಪದಗಳಲ್ಲಿ ನಡೆಯುವುದು ಇನ್ನೊಂದು ಬದಲಾವಣೆ, ದ್ವಿತ್ವ. ‘ಗಕು’ ಮತ್ತು ‘ಕೋ’ ಸೇರಿ ಗಕ್ಕೋ, ಅಂದರೆ ಶಾಲೆ. ‘ಕೆತ್ಸು’ ಮತ್ತು ‘ಕೊನ್’ ಸೇರಿ ಕೆಕ್ಕೊನ್, ಮದುವೆ. ‘ಜತ್ಸು’ ಮತ್ತು ‘ಶಿ’ ಸೇರಿ ಜಶ್ಶಿ, ಪತ್ರಿಕೆ. ‘ನಿಚಿ’ ಮತ್ತು ‘ಕಿ’ ಸೇರಿ ನಿಕ್ಕಿ, ದಿನಚರಿ. ಮೊದಲ ಓದು ತ್ಸು ಅಥವಾ ಚಿ ಯಿಂದ ಮುಗಿದರೆ ಮುಂದಿನ ಕ, ಸ, ತ, ಹ ಗಳಿಗೆ ಒತ್ತು ಬರುತ್ತದೆ. ಕು ಯಿಂದ ಮುಗಿದರೆ ಮುಂದೆ ಕ ಇದ್ದಾಗ ಮಾತ್ರ. ಅದಕ್ಕೇ ವಿದ್ಯಾರ್ಥಿ ‘ಗಕುಸೇ’ ಆಗಿಯೇ ಉಳಿದ, ಶಾಲೆ ಮಾತ್ರ ಗಕ್ಕೋ ಆಯಿತು.

ಹೆಜ್ಜೆ 5: ಒಂದೇ ಕಾಂಜಿಗೆ ಹತ್ತು ಓದು. ಪಟ್ಟಿ ಕಲಿಯಬೇಡಿ, ಪದ ಕಲಿಯಿರಿ

ನೀರಿನ ಕಾಂಜಿ ಒಂಟಿಯಾಗಿ ಬಂದರೆ ‘ಮಿಜು’, ಜೊತೆಗೂಡಿ ಬಂದರೆ ‘ಸುಇ’. ನಳದ ನೀರಿನ ವ್ಯವಸ್ಥೆ ‘ಸುಇದೋ’, ಸಮುದ್ರದ ನೀರು ‘ಕೈಸುಇ’, ಈಜು ‘ಸುಇಏ’. ಮೊದಲನೆಯದು ಜಪಾನಿನ ಸ್ವಂತ ಓದು, ಕುನ್. ಎರಡನೆಯದು ಚೀನಾದಿಂದ ಬಂದ ಓದು, ಒನ್. ನಾವೂ ಒಂಟಿಯಾಗಿ ನೀರು ಎನ್ನುತ್ತೇವೆ, ಕೂಡಿಸುವಾಗ ಜಲಾಶಯ, ಜಲಮಂಡಳಿ ಎನ್ನುತ್ತೇವೆ. ಕಣ್ಣು ಎನ್ನುತ್ತೇವೆ, ಆದರೆ ಆಸ್ಪತ್ರೆಯ ಫಲಕದಲ್ಲಿ ನೇತ್ರ ಚಿಕಿತ್ಸೆ ಎಂದಿರುತ್ತದೆ. ದೇಸಿಗೆ ಕುನ್, ತತ್ಸಮಕ್ಕೆ ಒನ್. ಇಷ್ಟನ್ನು ಹಿಡಿದುಕೊಂಡರೆ ಹೊಸ ಪದ ಎದುರಾದಾಗ ಯಾವ ಓದನ್ನು ಮೊದಲು ಪ್ರಯತ್ನಿಸಬೇಕೆಂಬ ಗೊಂದಲ ಬಹುಪಾಲು ಹೋಗುತ್ತದೆ. ಈಜುಡುಗೆ ‘ಮಿಜುಗಿ’ಯಂಥ ಅಪವಾದಗಳು ಸಿಗುತ್ತವೆ, ಅಲ್ಲಿಯೂ ‘ಕಿ’ ಸಂಧಿಯಾಗಿ ಗಿ ಆಗಿರುವುದನ್ನು ಗಮನಿಸಿ.

ಒನ್ ಓದೇ ಎರಡಿದ್ದರೆ? ಚೀನಾದಿಂದ ಪದಗಳು ಒಂದೇ ಕಾಲದಲ್ಲಿ, ಒಂದೇ ಪ್ರದೇಶದಿಂದ ಬರಲಿಲ್ಲ. ನಮ್ಮಲ್ಲಿ ಕಾರ್ಯವೂ ಇದೆ, ಅದೇ ಸವೆದು ಬಂದ ಕಜ್ಜವೂ ಇದೆ. ಅಲ್ಲಿ ಮನುಷ್ಯನ ಕಾಂಜಿಗೆ ‘ನಿನ್’ ಮತ್ತು ‘ಜಿನ್’. ಮೂವರು ‘ಸನ್‌ನಿನ್’, ಜಪಾನಿನವರು ‘ನಿಹೊನ್‌ಜಿನ್’.

ದೈನಂದಿನ ಬಳಕೆಗೆಂದು ಜಪಾನ್ ಸರಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ 2136 ಕಾಂಜಿಗಳಿವೆ. ಒಂದೊಂದರ ಓದನ್ನೂ ಪ್ರತ್ಯೇಕವಾಗಿ ಕಲಿಯಹೊರಟರೆ ಆಯುಷ್ಯ ಸಾಲದು. ಹೆಚ್ಚಿನ ಕಾಂಜಿಗಳಲ್ಲಿ ಒಂದು ಭಾಗ ಅರ್ಥದ ಸುಳಿವು, ಇನ್ನೊಂದು ಭಾಗ ಓದಿನ ಸುಳಿವು. ನೀಲಿ-ಹಸಿರು ಬಣ್ಣದ ಕಾಂಜಿಯ ಒನ್ ಓದು ‘ಸೇ’. ಅದರ ಎಡಕ್ಕೆ ನೀರಿನ ಮೂರು ಹನಿ ಸೇರಿಸಿದರೆ ಶುದ್ಧ ಎಂಬ ಕಾಂಜಿ, ಓದು ಸೇ. ಸೂರ್ಯನನ್ನು ಸೇರಿಸಿದರೆ ತಿಳಿಯಾದ ಆಕಾಶ, ಸೇ. ಮಾತಿನ ಚಿಹ್ನೆ ಸೇರಿಸಿದರೆ ಕೇಳಿಕೊಳ್ಳುವುದು, ಸೇ. ಅಕ್ಕಿಯ ಚಿಹ್ನೆ ಸೇರಿಸಿದರೆ ನಯವಾಗಿಸುವುದು, ಸಾರ, ಅದೂ ಸೇ. ಒಂದು ಕಲಿತರೆ ನಾಲ್ಕು ಬಂದವು. ಎಲ್ಲ ಕುಟುಂಬಗಳೂ ಇಷ್ಟು ಒಗ್ಗಟ್ಟಿನವಲ್ಲ. ದೇವಾಲಯದ ಕಾಂಜಿ ‘ಜಿ’. ಸೂರ್ಯನ ಜೊತೆ ಕಾಲ ಎಂಬ ‘ಜಿ’, ಕೈಯ ಜೊತೆ ಹಿಡಿಯುವ ‘ಜಿ’. ಆದರೆ ಕಾಯುವುದರ ಕಾಂಜಿಯಲ್ಲಿ ಅದೇ ಭಾಗ ಇದ್ದರೂ ಓದು ‘ತೈ’, ವಿಶೇಷ ಎಂಬುದರಲ್ಲಿ ‘ತೊಕು’. ನೋಟ್‌ಬುಕ್‌ನ ಕೊನೆಯ ಪುಟಗಳಲ್ಲಿ ಕುಟುಂಬಕ್ಕೊಂದು ಪುಟ ಮಾಡಿ, ದಾರಿ ತಪ್ಪಿದವರನ್ನು ಕೆಂಪು ಶಾಯಿಯಲ್ಲಿ ಬರೆಯಿರಿ.

ಜೀವ, ಹುಟ್ಟು, ಹಸಿ ಎಂಬ ಅರ್ಥಗಳಿರುವ ಕಾಂಜಿಯೊಂದಿದೆ. ಸೇ, ಶೋ, ಇಕಿರು, ಉಮರೆರು, ಹಏರು, ನಮ ಎಂದು ಅದರ ಓದುಗಳ ಪಟ್ಟಿ ಬೆಳೆಯುತ್ತದೆ. ಆ ಪಟ್ಟಿಯನ್ನು ಮುಟ್ಟಬೇಡಿ. ಗುರು ‘ಸೆನ್ಸೇ’, ಹುಟ್ಟುಹಬ್ಬ ‘ತಂಜೋಬಿ’, ಹಸಿ ಮೊಟ್ಟೆ ‘ನಮತಮಗೊ’ ಎಂದು ಪದಗಳನ್ನೇ ಕಲಿಯಿರಿ. ಇಂದು ಎಂಬ ‘ಕ್ಯೋ’, ದೊಡ್ಡವರು ಎಂಬ ‘ಒತೊನ’, ಕೈಲಾಗದ ಎಂಬ ‘ಹೆತ’ ಮುಂತಾದವುಗಳಲ್ಲಿ ಯಾವ ಕಾಂಜಿಗೆ ಯಾವ ಓದು ಎಂದು ಬಿಡಿಸಲು ಹೋಗಬೇಡಿ. ಎರಡು ಕಾಂಜಿಗೂ ಸೇರಿ ಒಂದೇ ಓದು ಅದು.

ಹೆಜ್ಜೆ 6: ಕಲಸಿಹೋಗುವ ಜೋಡಿಗಳು

ಎಡ–ಬಲ, ಕುಡಿ–ಓದು (ನೊಮು, ಯೊಮು), ಅಣ್ಣ–ಅಕ್ಕ (ಅನಿ, ಅನೆ). ಇವನ್ನು ಒಂದೇ ದಿನ ಕಲಿಸುವ ಪುಸ್ತಕಗಳ ಮೇಲೆ ನನಗೆ ಸಿಟ್ಟಿದೆ. ಒಂದನ್ನು ಗಟ್ಟಿ ಮಾಡಿಕೊಂಡು, ವಾರ ಬಿಟ್ಟು ಇನ್ನೊಂದಕ್ಕೆ ಹೋಗಿ. ಆಗಲೇ ಕಲಸಿಹೋಗಿದ್ದರೆ ಜೋಡಿಯಲ್ಲಿ ಒಂದಕ್ಕೆ ಮಾತ್ರ ಕೊಕ್ಕೆ ಹಾಕಿ. ಕೊಕ್ಕೆ ಇಲ್ಲದ್ದು ಇನ್ನೊಂದು.

ಸಕರ್ಮಕ, ಅಕರ್ಮಕ ಜೋಡಿಗಳಿಗೆ ಮಾತ್ರ ಬೇರೆ ಉಪಾಯ. ತಿರುಗು ‘ಮವರು’, ತಿರುಗಿಸು ‘ಮವಸು’. ಅಲುಗು ‘ಉಗೊಕು’, ಅಲುಗಿಸು ‘ಉಗೊಕಸು’. ಏಳು ‘ಒಕಿರು’, ಎಬ್ಬಿಸು ‘ಒಕೊಸು’. ಕನ್ನಡದ ‘ಇಸು’ವಿನ ಜಾಗದಲ್ಲಿ ಜಪಾನಿಯ ‘ಸು’ ಕುಳಿತಿದೆ. ಹೋಲಿಕೆ ಆಕಸ್ಮಿಕವೇ ಇರಬಹುದು, ನೆನಪಿಗೆ ಅದು ಮುಖ್ಯವಲ್ಲ. ಇನ್ನೊಂದು ಬಗೆಯಲ್ಲಿ ‘ಅರು’ ಎಂದು ಮುಗಿಯುವುದು ತಾನಾಗಿ ಆಗುವುದು, ‘ಎರು’ ಎಂದು ಮುಗಿಯುವುದು ನಾವು ಮಾಡುವುದು: ನಿಲ್ಲು ‘ತೊಮರು’, ನಿಲ್ಲಿಸು ‘ತೊಮೆರು’, ಆರಂಭವಾಗು ‘ಹಜಿಮರು’, ಆರಂಭಿಸು ‘ಹಜಿಮೆರು’. ‘ಅಕು’ (ತೆರೆದುಕೊಳ್ಳು) ಮತ್ತು ‘ಅಕೆರು’ (ತೆರೆ), ‘ಯಕು’ (ಸುಡು) ಮತ್ತು ‘ಯಕೆರು’ (ಸುಟ್ಟುಹೋಗು) ತದ್ವಿರುದ್ಧ ದಿಕ್ಕಿನವು. ಇವಕ್ಕೆ ನಿಯಮವಿಲ್ಲ, ವಾಕ್ಯದಲ್ಲಿ ಹಾಕಿಯೇ ಕಲಿಯಬೇಕು.

ತಿಂಗಳ ತಾರೀಖುಗಳು ಎನ್5ರವರನ್ನು ಅಳಿಸುತ್ತವೆ. ಒಂದರಿಂದ ಹತ್ತು: ತ್ಸುಇತಚಿ, ಫುತ್ಸುಕ, ಮಿಕ್ಕ, ಯೊಕ್ಕ, ಇತ್ಸುಕ, ಮುಇಕ, ನನೊಕ, ಯೋಕ, ಕೊಕೊನೊಕ, ತೋಕ. ಹೀಗೆ ಸರದಿಯಲ್ಲಿರುವ ಪದಗಳನ್ನು ನಿತ್ಯದ ದಾರಿಯ ಮೇಲೆ ಒಂದೊಂದಾಗಿ ಇಳಿಸುವುದು ಹಳೆಯ ವಿದ್ಯೆ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಹೊರಟು ಹೊಸೂರು, ವಿದ್ಯಾನಗರ, ಉಣಕಲ್, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು, ನವಲೂರು, ಟೋಲ್ ನಾಕಾ, ಜುಬಿಲಿ ವೃತ್ತ ಎಂದು ಹತ್ತು ಜಾಗ ಹಿಡಿಯಿರಿ. ನಾಲ್ಕನೆಯದು ಭೈರಿದೇವರಕೊಪ್ಪ, ಕೊನೆಯಲ್ಲಿ ಒತ್ತು: ಯೊಕ್ಕ. ಎಂಟನೆಯದು ನವಲೂರು, ನಡುವೆ ದೀರ್ಘ: ಯೋಕ. ನಾಲ್ಕು, ಎಂಟು ಅದಲುಬದಲಾಗುವ ಕಾಟ ಅಲ್ಲಿಗೆ ಮುಗಿಯಿತು. ಜಪಾನಿನ ಹಳೆಯ ಸಂಖ್ಯೆಗಳಲ್ಲಿ ಇಮ್ಮಡಿಯಾದಾಗ ವ್ಯಂಜನ ಹಾಗೆಯೇ ಇದ್ದು ಸ್ವರ ಮಾತ್ರ ಬದಲಾಗುವುದನ್ನೂ ನೋಡಿ: ಮೂರು ‘ಮಿ’, ಆರು ‘ಮು’, ನಾಲ್ಕು ‘ಯೊ’, ಎಂಟು ‘ಯ’. ಇಪ್ಪತ್ತನೆಯ ತಾರೀಖು ‘ಹತ್ಸುಕ’, ಅದನ್ನು ಎರಡನೆಯ ‘ಫುತ್ಸುಕ’ದಿಂದ ದೂರ, ಬೇರೆ ವಾರದಲ್ಲಿ ಕಲಿಯಿರಿ. ಈ ದಾರಿಯ ವಿದ್ಯೆ ಸರದಿ ಇರುವ ಪಟ್ಟಿಗಳಿಗೆ ಮಾತ್ರ. ಸಾಮಾನ್ಯ ಪದಗಳಿಗೆ ಬಳಸಿದರೆ ಬಸ್ಸು ತುಂಬಿ ಯಾರೂ ಇಳಿಯುವುದಿಲ್ಲ.

ಹೆಜ್ಜೆ 7: ಕಾರ್ಡುಗಳು

ಮರೆವು ಹೇಗೆ ಇಳಿಜಾರಿನಲ್ಲಿ ಜಾರುತ್ತದೆಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ಪ್ರಯೋಗ ಮಾಡಿ ಬರೆದ. ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಕೇಳುವುದೇ ಉಪಾಯ. ಆಂಕಿ ಎಂಬ ತಂತ್ರಾಂಶ, ಮುಂದೆ ಪ್ರಶ್ನೆ ಹಿಂದೆ ಉತ್ತರ ಇರುವ ಕಾರ್ಡುಗಳ ಮೂಲಕ ಇದನ್ನು ಮಾಡುತ್ತದೆ. ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್ ಮೊಬೈಲ್‌ನಲ್ಲೂ ಉಚಿತ, ಐಫೋನಿನಲ್ಲಿ ಹಣ ಕೊಡಬೇಕು. ಅದು ತಾನಾಗಿ ದಿನಕ್ಕೆ 20 ಹೊಸ ಕಾರ್ಡ್ ಕೊಡುತ್ತದೆ. ಕೆಲಸ ಅಥವಾ ಕಾಲೇಜು ಇರುವವರು ಅದನ್ನು 8ಕ್ಕೋ 10ಕ್ಕೋ ಇಳಿಸಿ. ಹೊಸದು ಹತ್ತೇ ಇದ್ದರೂ ಕೆಲವು ವಾರಗಳಲ್ಲಿ ದಿನದ ಮರುನೋಟ ನೂರರ ಹತ್ತಿರ ಹೋಗುತ್ತದೆ.

ಕಾರ್ಡಿನ ಮುಂಭಾಗದಲ್ಲಿ ಒಂಟಿ ಪದ ಹಾಕಬೇಡಿ, ಚಿಕ್ಕ ವಾಕ್ಯ ಹಾಕಿ. ಹಿಂಭಾಗದಲ್ಲಿ ಹಿರಗನದ ಓದು, ಧ್ವನಿ ಮತ್ತು ಕನ್ನಡ ಅರ್ಥ. ಇಂಗ್ಲಿಷ್ ಅರ್ಥ ಬೇಡ. ‘ತಬೆತೆ ಮಿರು’ ಎಂದರೆ ‘ತಿಂದು ನೋಡು’, ‘ಶಿತೆ ಒಕು’ ಎಂದರೆ ‘ಮಾಡಿಡು’, ‘ತಬೆತೆ ಶಿಮಉ’ ಎಂದರೆ ‘ತಿಂದುಬಿಡು’. ಕನ್ನಡದಲ್ಲಿ ನೇರವಾಗಿ ಕೂರುವುದನ್ನು ಇಂಗ್ಲಿಷಿನಲ್ಲಿ ಸುತ್ತಿಬಳಸಿ ಬರೆದು, ಅದನ್ನು ಮತ್ತೆ ಕನ್ನಡಕ್ಕೆ ತಂದುಕೊಳ್ಳುವ ಶ್ರಮ ಯಾಕೆ? ವಾಕ್ಯ ಮತ್ತು ಧ್ವನಿಗೆ ಜಪಾನ್ ಫೌಂಡೇಶನ್ ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿರುವ ಪಾಠಗಳನ್ನು ಬಳಸಿ.

ಒಂದೇ ಕಾರ್ಡ್ 8 ಸಲ ತಪ್ಪಿದರೆ ಆಂಕಿ ಅದಕ್ಕೆ ‘ಲೀಚ್’, ಅಂದರೆ ಜಿಗಣೆ ಎಂದು ಗುರುತು ಹಾಕುತ್ತದೆ, ಸೆಟ್ಟಿಂಗ್‌ನಲ್ಲಿ ಹೇಳಿದ್ದರೆ ಪಕ್ಕಕ್ಕೂ ಇಡುತ್ತದೆ. ಇದು ನಿಮ್ಮ ಎರಡನೆಯ ಹೆಜ್ಜೆಯ ಪಟ್ಟಿಗೆ ಸಿದ್ಧ ಸಾಮಗ್ರಿ. ಜಿಗಣೆಯನ್ನು ಹಾಗೆಯೇ ಮತ್ತೆ ಒಳಗೆ ಬಿಡಬೇಡಿ. ವಾಕ್ಯ ಬದಲಿಸಿ, ಕೊಕ್ಕೆ ಸೇರಿಸಿ, ಕಲಸುವ ಜೋಡಿಯನ್ನು ದೂರವಿಡಿ. ಆಮೇಲೂ ರಕ್ತ ಹೀರಿದರೆ ಅಳಿಸಿಬಿಡಿ. ಬೇಕಾದ ಪದವಾಗಿದ್ದರೆ ಯಾವುದಾದರೂ ಪಾಠದಲ್ಲಿ, ಸಂಭಾಷಣೆಯಲ್ಲಿ ತಾನೇ ಮರಳಿ ಬರುತ್ತದೆ.

ಹೆಜ್ಜೆ 8: ಬಾಯಿ ತೆರೆಯಿರಿ, ಪರೀಕ್ಷೆಗೆ ಕೂರಿ

ಸಪ್ತಾಪುರದ ವಾಚನಾಲಯಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ನಡುವೆ ಕುಳಿತು ಜಪಾನಿ ಕಲಿಯುವವರಿಗೆ ಒಂದು ಕಷ್ಟವಿದೆ, ಅಲ್ಲಿ ತುಟಿ ಅಲುಗಿಸುವಂತಿಲ್ಲ. ಓದುಗಳು ಕಣ್ಣಿನಿಂದ ಬರುವುದಿಲ್ಲ. ಬರೆಯುವ ಕೆಲಸ ಅಲ್ಲಿ ಮುಗಿಸಿ, ಸಂಜೆ ಸಾಧನಕೇರಿಯ ಕೆರೆಯ ಬಳಿಯೋ ಉಣಕಲ್ ಕೆರೆಯ ದಂಡೆಯಲ್ಲೋ ನಡೆಯುತ್ತ ದಿನದ ವಾಕ್ಯಗಳನ್ನು ಗಟ್ಟಿಯಾಗಿ ಹೇಳಿ. ಧ್ವನಿ ಕೇಳಿ, ಅದರ ಏರಿಳಿತವನ್ನೂ ಅನುಕರಿಸಿ. ಟೋಕಿಯೊ ಉಚ್ಚಾರಣೆಯಲ್ಲಿ ‘ಹಶಿ’ಯ ಮೊದಲ ಅಕ್ಷರ ಏರಿದರೆ ಊಟದ ಕಡ್ಡಿ, ಎರಡನೆಯದು ಏರಿದರೆ ಸೇತುವೆ, ಲಿಪಿಯಲ್ಲಿ ಇದು ಕಾಣುವುದಿಲ್ಲ.

ಜೆಎಲ್‌ಪಿಟಿ ಜುಲೈ ಮತ್ತು ಡಿಸೆಂಬರ್ ತಿಂಗಳ ಮೊದಲ ಭಾನುವಾರ ನಡೆಯುತ್ತದೆ. ನಮ್ಮ ಕಡೆಯವರು ಹೆಚ್ಚಾಗಿ ಬೆಂಗಳೂರಿಗೆ ಹೋಗುತ್ತಾರೆ. ಎಲ್ಲವೂ ಆಯ್ಕೆಯ ಪ್ರಶ್ನೆಗಳು, ಕಾಂಜಿಯನ್ನು ಕೈಯಲ್ಲಿ ಬರೆಯುವ ಪ್ರಶ್ನೆ ಒಂದೂ ಇಲ್ಲ. ಹಾಗಾಗಿ ಕೊನೆಯ ತಿಂಗಳಲ್ಲಿ ಕಾಂಜಿ ತಿದ್ದುವ ಪುಸ್ತಕವನ್ನು ಮುಚ್ಚಿಡಿ, ಹೊಸ ಕಾರ್ಡುಗಳನ್ನು ಸೊನ್ನೆ ಮಾಡಿ. ಹಳೆಯ ಮಾದರಿಯ ಪ್ರಶ್ನೆಪತ್ರಿಕೆಗಳಲ್ಲಿ ಓದಿನ ಪ್ರಶ್ನೆಗಳನ್ನು ಮಾತ್ರ ತೆಗೆದುಕೊಂಡು, ಪ್ರತಿ ತಪ್ಪಿನ ಮುಂದೆ ದೀರ್ಘ, ಒತ್ತು, ಸಂಧಿ, ಬೇರೆ ಓದು ಎಂಬ ನಾಲ್ಕರಲ್ಲಿ ಒಂದನ್ನು ಬರೆಯಿರಿ. ಯಾವುದು ಹೆಚ್ಚು ಸಲ ಬಂತೋ ಉಳಿದ ದಿನಗಳನ್ನು ಅದಕ್ಕೇ ಕೊಡಿ.